ಗೂಡಿನ ಮಾರುಕಟ್ಟೆಯಲ್ಲಿ ರಾಜನ್–ನಾಗೇಂದ್ರ

ಬೆಂಗಳೂರಿನ ಜನ ರಾಮನಗರವನ್ನು ಬಲ್ಲುದು ಅದರ ಬಂಡೆಗಳಿಂದ. 1975ರಲ್ಲಿ ತೆರೆ ಕಂಡ ‘ಶೋಲೆ’ ಎಂಬ ಹಿಂದಿ ಚಿತ್ರದ ಹೊಡೆದಾಟದ ಬಹುಭಾಗ ನಡೆದುದು ಈ ಬಂಡೆಗಳ ನೆರಳಿನಲ್ಲಿ. ಇಂದಿಗೂ ಭಾನುವಾರ ಬಂದರೆ ಮಕ್ಕಳನ್ನು ಕರೆದುಕೊಂಡು ರಾಮದೇವರ ಬೆಟ್ಟಕ್ಕೆ ಹೋಗಿ, ಗಬ್ಬರ್ ಸಿಂಗನು ನಿಂತ ಬಂಡೆ ಯಾವುದೆಂದು ವಿಚಾರಿಸುವ ಸಂಸಾರಗಳಿಗೆ ಕೊರತೆಯಿಲ್ಲ. ಊರಿನವರಿಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಅವರ ಚಿತ್ತವೆಲ್ಲ ರೇಷ್ಮೆಗೂಡಿನ ಮಾರುಕಟ್ಟೆಯ ಕಡೆಗೆ.

ಬೆಳಕು ಹರಿಯುವ ಹೊತ್ತಿಗೇ ಅಲ್ಲಿ ಗೂಡಿನ ಚೀಲಗಳು ಇಳಿಯುತ್ತವೆ. ಕನಕಪುರದ ಕಡೆಯವರು, ಮಾಗಡಿಯ ಕಡೆಯವರು, ಚನ್ನಪಟ್ಟಣದವರು, ಇನ್ನೂ ದೂರದವರು ಬಂದು ಸೇರುತ್ತಾರೆ. ಒಬ್ಬೊಬ್ಬರ ಲಾಟಿಗೂ ಒಂದೊಂದು ಸಂಖ್ಯೆ ಬೀಳುತ್ತದೆ. ಹಿಂದೆ ಕೂಗಿ ನಡೆಸುತ್ತಿದ್ದ ಹರಾಜು ಈಗ ಮೊಬೈಲ್ ಫೋನಿನ ಮೇಲೆಯೇ ಸದ್ದಿಲ್ಲದೆ ನಡೆಯುತ್ತದೆ. ಆದರೆ ಕಾಯುವ ಕಷ್ಟವನ್ನು ಯಾವ ಯಂತ್ರವೂ ತಪ್ಪಿಸಿಲ್ಲ. ಕಾಯುವವರು ಮಾತನಾಡಲೇಬೇಕಷ್ಟೆ. ಮಳೆಯ ಮಾತು ಮುಗಿದು, ಸೊಪ್ಪಿನ ದರದ ಮಾತು ಮುಗಿದು, ರಾಜಕೀಯವೂ ಮುಗಿದ ಮೇಲೆ ಉಳಿಯುವುದು ಹಾಡಿನ ಮಾತು. ಯಾರದೋ ಫೋನಿನಿಂದ ಒಂದು ಹಳೆಯ ಚಿತ್ರಗೀತೆ ಹೊರಟಿತೆಂದರೆ, ಅದಕ್ಕೆ ನೂರಕ್ಕೆ ಎಷ್ಟು ಅಂಕ ಕೊಡಬೇಕೆಂಬ ವಾದ ಹುಟ್ಟುವುದಕ್ಕೆ ತಡವಿಲ್ಲ.

ಹಾಡುಗಳನ್ನು ಸಾಲಾಗಿ ನಿಲ್ಲಿಸಿ ಒಂದನೆಯದು, ಎರಡನೆಯದು ಎಂದು ಎಣಿಸುವ ಚಪಲ ಹೊಸದೇನೂ ಅಲ್ಲ. 1952ರಲ್ಲಿ ಸಿಲೋನ್ ರೇಡಿಯೋದಿಂದ ಅಮೀನ್ ಸಯಾನಿಯವರು ‘ಬಿನಾಕಾ ಗೀತಮಾಲಾ’ ಆರಂಭಿಸಿದಂದಿನಿಂದ, ಯಾವ ಹಾಡು ಈ ವಾರ ಯಾವ ಮೆಟ್ಟಿಲಿನಲ್ಲಿದೆ ಎಂಬುದು ಭಾರತದ ಮನೆಮನೆಯ ಚಿಂತೆಯಾಯಿತು. ಅಂದು ತೀರ್ಪು ರೇಡಿಯೋದಿಂದ ಬರುತ್ತಿತ್ತು, ಕೇಳುವವರು ಒಪ್ಪುತ್ತಲೋ ಗೊಣಗುತ್ತಲೋ ಇರುತ್ತಿದ್ದರು. ಗೂಡಿನ ಮಾರುಕಟ್ಟೆಯಲ್ಲಿ ಎಲ್ಲರೂ ನ್ಯಾಯಾಧೀಶರೇ.

ಅಂಥ ಒಂದು ಬೆಳಗಿನ ಪಂಚಾಯಿತಿಯಲ್ಲಿ ನಾಲ್ವರಿದ್ದರೆಂದು ಇಟ್ಟುಕೊಳ್ಳೋಣ. ಮಾಗಡಿಯ ಕಡೆಯ ಒಬ್ಬ ನಿವೃತ್ತ ಮೇಷ್ಟರು, ಪಿಂಚಣಿಯ ಜೊತೆಗೆ ಒಂದು ಎಕರೆ ಹಿಪ್ಪುನೇರಳೆ ಇಟ್ಟುಕೊಂಡವರು. ರಾಮನಗರದ ಒಬ್ಬ ರೀಲರ್ ಸಾಹೇಬರು. ಚನ್ನಪಟ್ಟಣದ ಒಬ್ಬ ಹುಡುಗ. ತಂದೆಯ ಗೂಡು ಮಾರಲು ಬಂದಿದ್ದರೂ ಅವನ ನಿಜವಾದ ವೃತ್ತಿ ಮದುವೆ ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾದ ಕೀಬೋರ್ಡ್ ನುಡಿಸುವುದು. ಕೊನೆಗೆ, ಸ್ವಲ್ಪ ದೂರದಲ್ಲಿ ತನ್ನ ಚೀಲದ ಪಕ್ಕದಲ್ಲಿಯೇ ಕುಳಿತಿದ್ದ ಕನಕಪುರದ ಕಡೆಯ ಒಬ್ಬ ಹೆಂಗಸು. ವಿಷಯ, ರಾಜನ್–ನಾಗೇಂದ್ರ ಸಹೋದರರ ಹಾಡುಗಳಲ್ಲಿ ಅಗ್ರಸ್ಥಾನ ಯಾವುದಕ್ಕೆ ಎಂಬುದು.

ಈ ಸಹೋದರರ ವಿಚಾರವನ್ನು ಎರಡು ಮಾತಿನಲ್ಲಿ ಮುಗಿಸುವಂತಿಲ್ಲ. ಇಬ್ಬರೂ ಮೈಸೂರಿನವರು. ತಂದೆ ರಾಜಪ್ಪನವರು ಮೂಕಿ ಚಿತ್ರಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದವರು. 1933ರಲ್ಲಿ ಹುಟ್ಟಿದ ಅಣ್ಣ ರಾಜನ್ ಪಿಟೀಲು ಹಿಡಿದರು, 1935ರಲ್ಲಿ ಹುಟ್ಟಿದ ತಮ್ಮ ನಾಗೇಂದ್ರ ಜಲತರಂಗ ಕಲಿತರು. ಇಪ್ಪತ್ತು ವರ್ಷ ತುಂಬುವ ಆಸುಪಾಸಿನಲ್ಲಿಯೇ ಬಿ. ವಿಠಲಾಚಾರ್ಯರ ‘ಸೌಭಾಗ್ಯಲಕ್ಷ್ಮಿ’ ಚಿತ್ರದಿಂದ ಇಬ್ಬರೂ ಕೂಡಿಯೇ ಸಂಗೀತ ನಿರ್ದೇಶಕರಾದರು. ಅನಂತರ ಸುಮಾರು ನಾಲ್ಕು ದಶಕಗಳ ಕಾಲ, ಇನ್ನೂರಕ್ಕೂ ಮಿಕ್ಕಿದ ಕನ್ನಡ ಚಿತ್ರಗಳಲ್ಲಿ, ಈ ಎರಡು ಹೆಸರುಗಳು ನಡುವೆ ಒಂದು ಅಡ್ಡಗೆರೆ ಮಾತ್ರ ಇಟ್ಟುಕೊಂಡು ಒಂದಾಗಿಯೇ ನಡೆದುವು. ಅವರ ಹುಟ್ಟೂರಿನಿಂದ ಬೆಂಗಳೂರಿಗೂ, ಅಲ್ಲಿಂದ ಮದರಾಸಿನ ಧ್ವನಿಮುದ್ರಣ ಶಾಲೆಗಳಿಗೂ ಹೋಗುವ ರಸ್ತೆ ಚನ್ನಪಟ್ಟಣ, ರಾಮನಗರಗಳನ್ನು ಹಾದೇ ಹೋಗುತ್ತದೆ. ಈ ಊರುಗಳ ಜನ ಅವರನ್ನು ನಮ್ಮವರೆಂದು ಹೇಳಿಕೊಳ್ಳುವುದಕ್ಕೆ ಅಷ್ಟು ಆಧಾರ ಸಾಕು.

ಮೇಷ್ಟರ ತೀರ್ಪು ಮೊದಲೇ ಸಿದ್ಧವಾಗಿತ್ತು. 1973ರ ‘ಗಂಧದ ಗುಡಿ’ಯ ‘ನಾವಾಡುವ ನುಡಿಯೇ’. ಚಿ. ಉದಯಶಂಕರ್ ಅವರ ಸಾಹಿತ್ಯ, ಪಿ.ಬಿ. ಶ್ರೀನಿವಾಸರ ಕಂಠ. ನವೆಂಬರ್ ಒಂದರಂದು ಈ ಹಾಡು ಕೇಳದ ಶಾಲೆಯನ್ನು ತೋರಿಸಿ ಎಂಬುದು ಅವರ ಸವಾಲು. ಸಾಹೇಬರು ಅಷ್ಟಕ್ಕೇ ಒಪ್ಪುವವರಲ್ಲ.

“ಮೇಷ್ಟ್ರೆ, ನೀವು ಅಂಕ ಕೊಟ್ಟಿದ್ದು ಕನ್ನಡಕ್ಕೆ. ಟ್ಯೂನಿಗೆ ಎಷ್ಟು ಕೊಟ್ರಿ, ಅದನ್ನ ಹೇಳಿ.”

ಈ ಆಕ್ಷೇಪಣೆ ಹುರುಳಿಲ್ಲದುದಲ್ಲ. ಹಾಡಿಗೆ ಅಂಕ ಕೊಡುವಾಗ ಜನ ಯಾವುದಕ್ಕೆ ಕೊಡುತ್ತಿದ್ದಾರೆಂಬುದು ಅವರಿಗೇ ತಿಳಿದಿರುವುದಿಲ್ಲ. ತೆರೆಯ ಮೇಲೆ ಹಾಡಿದಂತೆ ಕಂಡ ನಾಯಕನಿಗೋ, ಹಿಂದೆ ಹಾಡಿದ ಗಾಯಕನಿಗೋ, ಮಾತು ಕಟ್ಟಿದ ಕವಿಗೋ, ಆ ಹಾಡು ಕೇಳಿದ ವಯಸ್ಸಿಗೋ! ರಾಗ ಕಟ್ಟಿದವರ ಪಾಲಿಗೆ ಬರುವುದು ಕೊನೆಯ ತುತ್ತು. ನಾಡಿನ ರಾಜ್ಯೋತ್ಸವಗಳಲ್ಲಿ ಮೊಳಗುವ ಇನ್ನೊಂದು ಚಿತ್ರಗೀತೆ, 1982ರ ‘ಚಲಿಸುವ ಮೋಡಗಳು’ ಚಿತ್ರದಲ್ಲಿ ರಾಜ್‌ಕುಮಾರ್ ಅವರೇ ಹಾಡಿದ ‘ಜೇನಿನ ಹೊಳೆಯೊ’, ಅದೂ ಈ ಸಹೋದರರದೇ. ಧ್ವಜದ ಕೆಳಗೆ ನಿಂತು ಹಾಡುವ ಎಷ್ಟು ಮಂದಿ ಇದನ್ನು ಬಲ್ಲರು?

ಸಾಹೇಬರು ತಮ್ಮ ಕಸುಬಿನ ಮಾತಿನಲ್ಲಿಯೇ ವಾದ ಮುಂದುವರಿಸಿದರು. ಗೂಡು ಕೊಳ್ಳುವವನು ಅದರ ಬಣ್ಣ, ಹೊಳಪು ಕಂಡು ಮೋಸಹೋಗುವುದಿಲ್ಲ. ಕೈಗೆತ್ತಿಕೊಂಡು ಕಿವಿಯ ಬಳಿ ಅಲುಗಿಸಿ ನೋಡುತ್ತಾನೆ. ಒಳಗಿನ ಹುಳು ಸರಿಯಾಗಿ ಕೋಶವಾಗಿದೆಯೇ ಎಂಬುದು ಆ ಸದ್ದಿನಿಂದ ತಿಳಿಯುತ್ತದೆ. ಅನಂತರದ ಲೆಕ್ಕ ರೆಂಡಿಟ್ಟಾ, ಅಂದರೆ ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬುದು. ಈ ಅಂಕ ಕಡಿಮೆಯಾದಷ್ಟೂ ಗೂಡು ಉತ್ತಮ. ಒಂದು ಒಳ್ಳೆಯ ಬಿಳಿ ದ್ವಿತಳಿ ಗೂಡಿನ ಎಳೆ ಸಾವಿರ ಮೀಟರಿನ ಆಸುಪಾಸು ಕಡಿಯದೆ ಬಿಚ್ಚಿಕೊಂಡು ಬರುತ್ತದೆ. ಹಾಡೂ ಹಾಗೆಯೇ ಎಂಬುದು ಅವರ ಸಿದ್ಧಾಂತ. ದನಿ ಚೆನ್ನಾಗಿಲ್ಲದವನು ಗುನುಗಿದರೂ ಎಳೆ ಕಡಿಯದೆ ಬರಬೇಕು, ಅದೇ ಹಾಡು. ಆ ಪರೀಕ್ಷೆಗೆ ಅವರು ಒಡ್ಡಿದ ಹಾಡು 1980ರ ‘ಆಟೋ ರಾಜ’ದ ‘ನಲಿವಾ ಗುಲಾಬಿ ಹೂವೇ’. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹೆಸರಿಲ್ಲದೆ ಆ ಹಾಡನ್ನು ಯಾರೂ ನೆನೆಯುವುದಿಲ್ಲವಾದರೂ, ಬೀದಿಯ ಆಟೋ ಚಾಲಕನೊಬ್ಬನು ಗಂಟಲು ಕಟ್ಟಿಕೊಂಡು ಗುನುಗಿದರೂ ಅದರ ಅಂದ ಕೆಡುವುದಿಲ್ಲವೆಂದು ಅವರು ವಾದಿಸಿದರು. ವಾದದಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧ, ಶಂಕರ್‌ನಾಗ್ ಮೇಲೆ ಸಾಹೇಬರಿಗಿದ್ದ ಯೌವನಕಾಲದ ಅಭಿಮಾನ.

ಇಲ್ಲಿ ರಾಜ್‌ಕುಮಾರ್ ಅಭಿಮಾನಿಗಳಲ್ಲಿಯೇ ಇರುವ ಒಂದು ಹಳೆಯ ಒಡಕು ಮೇಲೆದ್ದಿತು. 1974ರ ‘ಸಂಪತ್ತಿಗೆ ಸವಾಲ್’ವರೆಗೆ ರಾಜ್ ಅವರ ಹಾಡುಗಳನ್ನು ಹೆಚ್ಚಾಗಿ ಪಿ.ಬಿ. ಶ್ರೀನಿವಾಸರೇ ಹಾಡುತ್ತಿದ್ದರು. ಬಳಿಕ ರಾಜ್ ಅವರೇ ಹಾಡತೊಡಗಿದರು. ಮೊದಲ ಪಕ್ಷದವರಿಗೆ 1974ರ ‘ಎರಡು ಕನಸು’ ಶಿಖರ. ವಾಣಿಯವರ ಕಾದಂಬರಿಯನ್ನು ಆಧರಿಸಿದ ಆ ಚಿತ್ರದಲ್ಲಿ ಶ್ರೀನಿವಾಸರೂ ವಾಣಿ ಜಯರಾಂ ಅವರೂ ಹಾಡಿದ ‘ಎಂದೆಂದೂ ನಿನ್ನನು ಮರೆತು’ ಗೀತೆಗೆ ನೂರಕ್ಕೆ ನೂರು. ಎರಡನೆಯ ಪಕ್ಷದವರಿಗೆ 1976ರ ‘ನಾ ನಿನ್ನ ಮರೆಯಲಾರೆ’ ಬಿಟ್ಟರೆ ಇನ್ನಿಲ್ಲ. ಎರಡು ಪಕ್ಷಗಳೂ ಜಗಳದ ಬಿಸಿಯಲ್ಲಿ ಗಮನಿಸದ ಸಂಗತಿಯೊಂದಿದೆ. ಎರಡು ಚಿತ್ರಗಳ ಸಂಗೀತವೂ ಒಂದೇ ಮನೆಯದು. ಶ್ರೀನಿವಾಸರದು ತಗ್ಗಿದ, ಮೃದುವಾದ ದನಿ, ಪಿಸುಮಾತಿಗೆ ಹತ್ತಿರವಾದುದು. ರಾಜ್ ಅವರದು ಗುಬ್ಬಿ ಕಂಪನಿಯ ರಂಗಭೂಮಿಯಲ್ಲಿ ಕೊನೆಯ ಸಾಲಿನವನಿಗೂ ಕೇಳುವಂತೆ ಪಳಗಿದ ದನಿ. ಎರಡು ವರ್ಷಗಳ ಅಂತರದಲ್ಲಿ, ಒಬ್ಬನೇ ನಾಯಕನಿಗೆ, ಇಷ್ಟು ಭಿನ್ನವಾದ ಎರಡು ದನಿಗಳ ಅಳತೆಗೆ ಸರಿಯಾಗಿ ಹೊಲಿದುಕೊಟ್ಟವರ ಕೈಚಳಕ ಸಾಮಾನ್ಯವೇ? ಅಂಗಿಯ ಬಗ್ಗೆ ಜಗಳವಾಡುವವರು ದರ್ಜಿಯ ಹೆಸರನ್ನೊಮ್ಮೆ ಕೇಳಬಹುದಿತ್ತು.

ಆರ್ಕೆಸ್ಟ್ರಾದ ಹುಡುಗನಿಗೆ ಈ ಪಕ್ಷಭೇದಗಳು ಬೇಡವಾಗಿದ್ದುವು. ಮದುವೆಮನೆಗಳಲ್ಲಿ ಯಾವುದಕ್ಕೆ ಜನ ಎದ್ದು ಕುಣಿಯುತ್ತಾರೋ ಅದೇ ಅವನಿಗೆ ಮೊದಲನೆಯದು. ಅಂಥದರಲ್ಲಿ ‘ತೇರಾ ಏರಿ’ ಹಾಡನ್ನು ಅವನು ಹೊಗಳಿದ, ಆದರೆ ಪಟ್ಟಿಗೆ ಸೇರಿಸಲು ಒಪ್ಪಲಿಲ್ಲ.

“ಅದು ಜಾನಪದ ಗೀತೆ ಅಲ್ವಾ ಸಾರ್? ಜಾನಪದ ಲೋಕದಲ್ಲಿ ಇರೋ ಅಂಥದ್ದು.”

ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಹಾಡು 1978ರ ‘ಪರಸಂಗದ ಗೆಂಡೆತಿಮ್ಮ’ ಚಿತ್ರದ್ದು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯಿಂದ ಬಂದ ಚಿತ್ರ. ಮಾತು ದೊಡ್ಡರಂಗೇಗೌಡರದು, ರಾಗ ಇದೇ ಸಹೋದರರದು. ಹುಡುಗ ನಂಬಲಿಲ್ಲ, ಫೋನಿನಲ್ಲಿ ಹುಡುಕಿ ನೋಡಿದ ಮೇಲೆ ನಂಬಿದ.

ಜಾನಪದ ಲೋಕ ಇರುವುದು ಮಾರುಕಟ್ಟೆಯಿಂದ ಬಹಳ ದೂರದಲ್ಲೇನೂ ಅಲ್ಲ, ಚನ್ನಪಟ್ಟಣಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲಿಯೇ. ಎಚ್.ಎಲ್. ನಾಗೇಗೌಡರು ಹಳ್ಳಿಹಳ್ಳಿಗಳಿಂದ ಹಾಡು, ಕತೆ, ಪಾತ್ರೆ, ವಾದ್ಯಗಳನ್ನು ಸಂಗ್ರಹಿಸಿ 1994ರಲ್ಲಿ ಅದನ್ನು ನಾಡಿಗೆ ಕೊಟ್ಟರು. ಅಲ್ಲಿಯ ಹಾಡುಗಳಿಗೆ ಕರ್ತೃಗಳಿಲ್ಲ. ರಾಗಿ ಬೀಸುತ್ತ ಹಾಡು ಕಟ್ಟಿದ ಯಾವಳೋ ತಾಯಿಯ ಹೆಸರನ್ನು ಬರೆದಿಡುವವರು ಅಂದು ಇರಲಿಲ್ಲ. ಆದುದರಿಂದ ಒಂದು ಚಿತ್ರಗೀತೆ ಜಾನಪದವೆಂದು ತಪ್ಪು ತಿಳಿವಳಿಕೆ ಪಡೆಯುವುದು ಅದನ್ನು ಕಟ್ಟಿದವರಿಗೆ ಸಲ್ಲುವ ದೊಡ್ಡ ಬಿರುದೆಂದು ಹೇಳುವವರುಂಟು. ಕೇಳುವುದಕ್ಕೆ ಮಾತು ಚಂದ. ಆದರೆ ಈ ಸಹೋದರರ ಹೆಸರನ್ನು ಬರೆದಿಡುವವರು ಇದ್ದರು. ಗ್ರಾಮಫೋನ್ ತಟ್ಟೆಯ ನಡುವಿನ ಕಾಗದದ ಮೇಲೆ ಅಚ್ಚಾಗಿತ್ತು, ಚಿತ್ರಮಂದಿರದ ತೆರೆಯ ಮೇಲೆ ಮೂಡುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಆಕಾಶವಾಣಿಯ ಉದ್ಘೋಷಕರು ಪ್ರತಿ ಹಾಡಿನೊಂದಿಗೂ ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂದು ನಾಲ್ಕು ಹೆಸರುಗಳನ್ನು ಹೇಳುತ್ತಿದ್ದರು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಗೃಹಿಣಿಗೂ ಈ ಹೆಸರುಗಳು ಬಾಯಿಪಾಠವಾಗಿದ್ದುವು. ಈಗ ಆರ್ಕೆಸ್ಟ್ರಾದ ವೇದಿಕೆಯ ಮೇಲೆ ‘ಅಣ್ಣಾವ್ರ ಹಾಡು’, ‘ಎಸ್‌ಪಿಬಿ ಹಾಡು’ ಎಂದು ಕೂಗಿದರೆ ಮುಗಿಯಿತು. ಬರೆದಿಟ್ಟ ಹೆಸರನ್ನೂ ಕಳೆದುಕೊಂಡರೆ ಅದು ಬಿರುದಲ್ಲ, ಬಾಕಿ.

ವಾದ ಹೀಗೆ ಎಲ್ಲೆಲ್ಲಿಯೋ ಸುತ್ತುತ್ತಿರುವಾಗ ಕನಕಪುರದ ಹೆಂಗಸು, ಅಲ್ಲಿಯವರೆಗೆ ಸುಮ್ಮನಿದ್ದವಳು, ಬಾಯಿ ತೆರೆದಳು.

“ಮೇಷ್ಟ್ರೆ, ನಂಗೂ ಒಂದು ಹಾಡು ಗೊತ್ತು, ಮಾತು ಮಾತ್ರ ಗೊತ್ತಿಲ್ಲ. ನಮ್ಮತ್ತೆ ಹೇಳ್ಕೊಳ್ತಿದ್ರು.”

ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ಹಗಲೂ ರಾತ್ರಿಯೂ ಸೊಪ್ಪು ಹಾಕುತ್ತಲೇ ಇರಬೇಕು. ಹುಳು ಹಣ್ಣಾಗಿ ಚಂದ್ರಿಕೆಗೆ ಏರುವ ತನಕ ಮನೆಯ ಹೆಂಗಸರಿಗೆ ನಿದ್ರೆ ಇಲ್ಲ. ಆ ರಾತ್ರಿಗಳಲ್ಲಿ ಅತ್ತೆ ನಿದ್ರೆ ತಡೆಯಲು ಹಾಡಿಕೊಳ್ಳುತ್ತಿದ್ದ ಹಾಡು ಅದು. ಅತ್ತೆ ಹೋದರು, ಮಾತು ಅವರೊಂದಿಗೆ ಹೋಯಿತು. ಅವಳು ತಲೆ ತಗ್ಗಿಸಿಕೊಂಡು, ನಾಚಿಕೆಯಿಂದ, ‘ಊಂ ಊಂ’ ಎಂದು ಎರಡು ಸಾಲು ಗುನುಗಿದಳು. ದನಿ ಒಡೆದಿತ್ತು, ಶ್ರುತಿ ಇರಲಿಲ್ಲ. ಆದರೂ ಎರಡನೆಯ ಸಾಲು ಮುಗಿಯುವ ಮೊದಲೇ ಮೂವರೂ ಗುರುತಿಸಿದರು. 1976ರ ‘ಬಯಲು ದಾರಿ’ಯಲ್ಲಿ ಎಸ್. ಜಾನಕಿಯವರು ಹಾಡಿದ ‘ಬಾನಲ್ಲು ನೀನೆ’.

ಸಾಹೇಬರು ತಮ್ಮ ಗುಲಾಬಿಯನ್ನು ಆ ಕ್ಷಣದಲ್ಲಿಯೇ ಎರಡನೆಯ ಸ್ಥಾನಕ್ಕೆ ಇಳಿಸಿದರು. “ಎಳೆ ಕಡೀಲಿಲ್ಲ ನೋಡಿ” ಎಂದಷ್ಟೇ ಹೇಳಿದರು. ಮೇಷ್ಟರು ನಾಡಗೀತೆಯಂಥ ತಮ್ಮ ಹಾಡನ್ನು ಬಿಟ್ಟುಕೊಡಲಿಲ್ಲ. ಎರಡಕ್ಕೂ ಸಮಾನ ಅಂಕ ಕೊಟ್ಟು ಮೇಷ್ಟರ ಮರ್ಯಾದೆ ಉಳಿಸಿಕೊಂಡರು. ನಿಷ್ಪಕ್ಷಪಾತವಾಗಿ ನೋಡಿದರೆ ಆ ಬೆಳಿಗ್ಗೆ ಸಾಹೇಬರ ತಕ್ಕಡಿಯೇ ಸರಿಯಾದುದು.

ಹೆಂಗಸಿಗೆ ಹಾಡಿನ ಮಾತು ಸಿಕ್ಕಿದುದಕ್ಕಿಂತ ಬೇರೊಂದು ಕುತೂಹಲ ಉಳಿದಿತ್ತು. ಅಣ್ಣತಮ್ಮಂದಿರೆಂದಿರಲ್ಲ, ಇದನ್ನು ಕಟ್ಟಿದವರು ಅಣ್ಣನೋ ತಮ್ಮನೋ? ಈ ಪ್ರಶ್ನೆಗೆ ಮೂವರು ರಸಿಕರಲ್ಲಿ ಒಬ್ಬರಿಗೂ ಉತ್ತರ ತಿಳಿಯದು. ಇಂಗ್ಲೆಂಡಿನ ಬೀಟಲ್ಸ್ ತಂಡದ ಲೆನನ್, ಮೆಕಾರ್ಟ್ನಿ ಎಂಬಿಬ್ಬರು ಒಬ್ಬನೇ ಕಟ್ಟಿದ ಹಾಡಿಗೂ ಇಬ್ಬರ ಹೆಸರು ಹಾಕುವ ಒಪ್ಪಂದ ಮಾಡಿಕೊಂಡಿದ್ದರು. ಅವರ ಅಭಿಮಾನಿಗಳು ಅರವತ್ತು ವರ್ಷಗಳಿಂದ ಯಾವ ಸಾಲು ಯಾರದೆಂದು ಬಿಡಿಸುತ್ತಲೇ ಇದ್ದಾರೆ. ರಾಜನ್–ನಾಗೇಂದ್ರರ ಅಡ್ಡಗೆರೆಯನ್ನು ಅಳಿಸಿ ಪಾಲು ಮಾಡಲು ಕನ್ನಡಿಗರು ಅಷ್ಟಾಗಿ ಹೋಗಲಿಲ್ಲ. ನಾಗೇಂದ್ರ 2000ದ ನವೆಂಬರಿನಲ್ಲಿ ತೀರಿಕೊಂಡರು. ರಾಜನ್ ಇನ್ನೂ ಇಪ್ಪತ್ತು ವರ್ಷ ಬದುಕಿದ್ದು, 2020ರ ಅಕ್ಟೋಬರ್ 11ರಂದು ಹೋದರು. ಅವರ ಎಷ್ಟೋ ರಾಗಗಳಿಗೆ ಉಸಿರಾಗಿದ್ದ ಬಾಲಸುಬ್ರಹ್ಮಣ್ಯಂ ಹೋಗಿ ಹದಿನಾರು ದಿನಗಳಾಗಿದ್ದುವು. ನಾಡು ಆ ದುಃಖದಲ್ಲಿಯೇ ಮುಳುಗಿತ್ತಾಗಿ ಈ ಸುದ್ದಿ ಪತ್ರಿಕೆಗಳಲ್ಲಿ ಕಂಡರೂ ಎಷ್ಟೋ ಮಂದಿಯ ಮನಸ್ಸಿಗೆ ತಟ್ಟಲಿಲ್ಲ.

ಅಷ್ಟರಲ್ಲಿ ಅವಳ ಲಾಟಿನ ದರ ಫೋನಿಗೆ ಬಂದಿತು. ಕಣ್ಣು ಕಿರಿದು ಮಾಡಿ ನೋಡಿ, ಹುಡುಗನ ಕೈಗೆ ಕೊಟ್ಟು ಓದಿಸಿ, ಒಪ್ಪಿಗೆ ಎಂದು ಎದ್ದಳು. ಚೀಲ ತೂಕಕ್ಕೆ ಹೋಯಿತು. ಹುಡುಗ ಮುಂದಿನ ಭಾನುವಾರದ ಆರತಕ್ಷತೆಯ ಪಟ್ಟಿಗೆ ಆ ಹಾಡನ್ನು ಬರೆದುಕೊಳ್ಳುತ್ತ ಮೇಷ್ಟರನ್ನು ಕೇಳಿದ:

“ಸಾರ್, ಸ್ಟೇಜ್ ಮೇಲೆ ಹೇಳುವಾಗ ಇಬ್ಬರ ಹೆಸರನ್ನೂ ಹೇಗೆ ಹೇಳ್ಬೇಕು?”

“ರೇಡಿಯೋದೋರು ಹೇಳ್ತಿದ್ದ ಹಾಗೆ ಹೇಳಪ್ಪ. ನಡುವೆ ಉಸಿರು ತಗೋಬೇಡ.”