ಮತಪ್ರಚಾರಕ್ಕೆ ಬಂದವರು ಮಾಡಿದ ಸೇವೆಯನ್ನು ಸೇವೆಯೆಂದೇ ಒಪ್ಪಬೇಕೇ?

ಕಡಲು ದಾಟಿ ಬಂದ ಕ್ರೈಸ್ತ ಮಿಷನರಿಗಳು ಕನ್ನಡ ನಾಡಿನಲ್ಲಿ ಶಾಲೆ, ಆಸ್ಪತ್ರೆ, ಅಚ್ಚುಕೂಟಗಳನ್ನು ತೆರೆದದ್ದು ಹೆಚ್ಚಾಗಿ ಹತ್ತೊಂಬತ್ತನೇ ಶತಮಾನದಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆ ನಿಂತರು. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಷನ್ ಬೇರೂರಿತು. ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳು ಈ ಮೂರು ನೆಲೆಗಳ ನಡುವಿನ ಸೀಮೆ. 1997ರಲ್ಲಿ ಹೊಸ ಜಿಲ್ಲೆ ಆಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಳಗೇ ಇತ್ತು. ಮಂಗಳೂರಿನಂಥ ದೊಡ್ಡ ಮಿಷನ್ ಕೇಂದ್ರ ಇಲ್ಲಿ ಬೆಳೆಯಲಿಲ್ಲ. ಮಿಷನರಿಗಳ ಕೆಲಸ ಈ ಭಾಗಕ್ಕೆ ತಲುಪಿದ್ದು ಬಹುಪಾಲು ಅಚ್ಚಾದ ಪುಸ್ತಕವಾಗಿ, ನಿಘಂಟಾಗಿ, ಮನೆಯ ಹೆಂಚಾಗಿ. ಉಪಕಾರದ ಋಣವಾಗಲಿ ಮತಾಂತರದ ಗಾಯವಾಗಲಿ ಅಷ್ಟು ಹತ್ತಿರವಿಲ್ಲದ ಕಾರಣ, ಎರಡೂ ಕಡೆಯ ವಾದವನ್ನು ತೂಗಲು ಇದು ತಕ್ಕ ಜಾಗ.

ಪರ

ಮಿಷನರಿಗಳ ಉದ್ದೇಶ ಏನೇ ಇರಲಿ, ಅವರು ಬಿಟ್ಟುಹೋದದ್ದನ್ನು ಬಳಸಿದವರು ಎಲ್ಲ ಮತದವರು ಎಂಬುದು ಪರವಾದದ ಮೊದಲ ಮಾತು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದೇ ಮೊಗ್ಲಿಂಗ್ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಬಸವ ಪುರಾಣ ಅಚ್ಚಾದುದರಿಂದ ಕ್ರೈಸ್ತ ಮತಕ್ಕೆ ಆದ ಲಾಭ ಏನೂ ಕಾಣದು. ತಾಳೆಗರಿಯ ಕಟ್ಟಿನಲ್ಲಿ ಇದ್ದುದು ಓದುಗರ ಕೈಗೆ ಬಂತು, ಅಷ್ಟೇ.

ಫರ್ಡಿನಂಡ್ ಕಿಟ್ಟೆಲ್ ಅವರ ಕಥೆ ಈ ವಾದಕ್ಕೆ ಇನ್ನಷ್ಟು ಬಲ ಕೊಡುತ್ತದೆ. 1853ರಲ್ಲಿ ಸುವಾರ್ತೆ ಸಾರಲೆಂದು ಬಂದ ಅವರು ಆಯುಷ್ಯದ ಬಹುಭಾಗವನ್ನು ಸವೆಸಿದ್ದು ಹಳಗನ್ನಡದ ಶಬ್ದಗಳಿಗಾಗಿ. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಅವರ ಸಂಪಾದನೆಯಲ್ಲಿ ಹೊರಬಂದವು. 1894ರಲ್ಲಿ ಪ್ರಕಟವಾದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಪಂಡಿತರ ಕಾವ್ಯಗಳಿಂದಷ್ಟೇ ಅಲ್ಲ, ಆಡುಮಾತು, ಗಾದೆಗಳಿಂದಲೂ ಅವರು ಶಬ್ದ ಹೆಕ್ಕಿದರು. ಪ್ರಚಾರ ಬಿಟ್ಟು ಪಾಂಡಿತ್ಯದಲ್ಲಿ ಮುಳುಗಿದರೆಂದು ಮಿಷನ್ನಿನ ಒಳಗೇ ಅವರ ಮೇಲೆ ಅಸಮಾಧಾನವಿತ್ತು. ಬಿತ್ತಿದವರ ಲೆಕ್ಕಾಚಾರವನ್ನು ಮೀರಿ ಬೆಳೆದ ಬೆಳೆಗೆ ಉದ್ದೇಶದ ಕಳಂಕ ಹಚ್ಚುವುದು ನ್ಯಾಯವಲ್ಲ ಎಂದು ಪರವಾದಿಗಳು ಹೇಳುತ್ತಾರೆ.

ಎರಡನೆಯ ಮಾತು ಜಾತಿಯದು. ಬಾಸೆಲ್ ಮಿಷನ್ 1836ರಲ್ಲಿ ಮಂಗಳೂರಿನಲ್ಲಿ ತೆರೆದ ಕನ್ನಡ ಶಾಲೆಯಾಗಲಿ, ಮುಂದೆ ಬಂದ ಹೆಣ್ಣುಮಕ್ಕಳ ಶಾಲೆಗಳಾಗಲಿ, ಊರ ಐಗಳ ಮಠದ ಜಗಲಿ ಹತ್ತಲು ಬಿಡದಿದ್ದ ಮಕ್ಕಳಿಗೂ ಬಾಗಿಲು ತೆರೆದವು. ಮತಾಂತರಗೊಂಡವರನ್ನು ಕುಲದವರು ಹೊರಹಾಕಿದಾಗ ಅವರ ಹೊಟ್ಟೆಪಾಡಿಗೆಂದು ನೇಯ್ಗೆ, ಹೆಂಚಿನ ಕಾರ್ಖಾನೆಗಳು ಹುಟ್ಟಿದವು. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ಸರಕು ಎಲ್ಲೆಡೆ ಹೆಸರಾಯಿತು. ಜಗಳೂರಿನ ಬಯಲಿನ ಮಣ್ಣಿನ ಮಾಳಿಗೆಗಳಿಗೆ ಅದರ ಅಗತ್ಯ ಬೀಳಲಿಲ್ಲ; ಮಳೆ ಹೆಚ್ಚಿರುವ ಮಲೆನಾಡಿನ ಕಡೆ ಹುಲ್ಲಿನ ಸೂರಿನ ಜಾಗಕ್ಕೆ ಮಂಗಳೂರು ಹೆಂಚು ಬಂತು. ಹಳೆಯ ಹೆಂಚನ್ನು ಮಗುಚಿ ನೋಡಿದರೆ ಬಾಸೆಲ್ ಮಿಷನ್ನಿನ ಹೆಸರು, 1865ರ ಇಸವಿ ಒತ್ತಿರುವುದು ಈಗಲೂ ಸಿಗುತ್ತದೆ. ಅದರಡಿ ಮಲಗಿದವರು ಯಾರೂ ಅದಕ್ಕಾಗಿ ಮತ ಬದಲಿಸಲಿಲ್ಲ.

ವೈದ್ಯಸೇವೆಯ ವಿಚಾರವೂ ಹೀಗೆಯೇ. ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ ಮೈಸೂರು ಸೀಮೆಯಲ್ಲಿ 1803–04ರಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರು. ಮೈಸೂರಿನಲ್ಲಿ 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಜನರ ಬಾಯಲ್ಲಿ ಇಂದಿಗೂ ಮಿಷನ್ ಆಸ್ಪತ್ರೆ. ದಾವಣಗೆರೆ ಜಿಲ್ಲೆಯ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ 1ಕ್ಕಿಂತ ಕಡಿಮೆ. ಸೇವೆ ಎಂಬುದು ಬರೀ ಗಾಳವಾಗಿದ್ದರೆ ಎರಡು ಶತಮಾನದಲ್ಲಿ ಇಷ್ಟು ಕಡಿಮೆ ಮೀನು ಬೀಳುತ್ತಿತ್ತೇ ಎಂಬುದು ಪರವಾದಿಗಳ ಕೊನೆಯ ಪ್ರಶ್ನೆ.

ವಿರೋಧ

ಗಾಳ ಹಾಕಿದವನಿಗೆ ಮೀನು ಸಿಗಲಿಲ್ಲ ಎಂಬುದು ಅವನು ಗಾಳ ಹಾಕಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ವಿರೋಧದ ವಾದ ಹೊರಡುವುದು ಇಲ್ಲಿಂದ. ಶಾಲೆಯ ಪಾಠದಲ್ಲಿ ಬೈಬಲ್, ಜಾತ್ರೆಯ ಜನಜಂಗುಳಿಯಲ್ಲಿ ಕರಪತ್ರ, ವಿಗ್ರಹಾರಾಧನೆಯ ಖಂಡನೆ – ಇವು ಮಿಷನ್ನುಗಳ ನಿತ್ಯದ ಕೆಲಸವಾಗಿದ್ದವು, ಗುಟ್ಟಿನ ಸಂಗತಿಯೇನಲ್ಲ. ಊರವರ ದೇವರನ್ನು ಸುಳ್ಳೆಂದು ಹೇಳುತ್ತಲೇ ಅವರ ಮಕ್ಕಳಿಗೆ ಅಕ್ಷರ ಕಲಿಸಿದರೆ, ಕಲಿತ ಮಗುವಿಗೂ ಮನೆಗೂ ನಡುವೆ ಬಿರುಕು ಬೀಳುತ್ತದೆ. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ದೀಕ್ಷೆ ಪಡೆದಾಗ ಊರೇ ಕದಡಿತು. ಮುಂದೆ ಬಾಸೆಲ್‌ಗೆ ಹೋಗಿ ಕಲಿತು ಅವರೂ ಮಿಷನರಿಯಾಗಿ ಮರಳಿದರು. ಅದು ಅವರ ಸ್ವಂತ ತೀರ್ಮಾನವೆಂಬುದು ನಿಜ. ಆ ತೀರ್ಮಾನದ ಬೆಲೆಯಲ್ಲಿ ಮನೆಯವರ ಪಾಲೂ ಇತ್ತೆಂಬುದು ಅಷ್ಟೇ ನಿಜ.

ವಿರೋಧಿಗಳು ಮುಂದೆ ತರುವ ಸಾಕ್ಷಿ ಮತ್ತೆ ಅದೇ ದುಬಾಯ್. ಮೂರು ದಶಕ ಇಲ್ಲಿದ್ದು 1823ರಲ್ಲಿ ಊರಿಗೆ ಮರಳಿದ ಆ ಪಾದ್ರಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಯತ್ನ ಸಫಲವಾಗದೆಂದು ಅದೇ ವರ್ಷ ಲಂಡನ್ನಿನಲ್ಲಿ ಪತ್ರರೂಪದ ಪುಸ್ತಕ ಪ್ರಕಟಿಸಿದರು. ಇಂಗ್ಲೆಂಡಿನ ಮಿಷನ್ ವಲಯ ಅವರ ಮೇಲೆ ಹರಿಹಾಯ್ದಿತು. ಲಸಿಕೆ ಹಾಕಿಸಿದ್ದಕ್ಕೆ ಸಿಕ್ಕ ಮನ್ನಣೆ ಈ ಮಾತಿಗೆ ಸಿಗಲಿಲ್ಲ. ಸೇವೆಯೇ ಗುರಿಯಾಗಿದ್ದರೆ ಇಷ್ಟು ಕೋಪಕ್ಕೆ ಕಾರಣ ಏನಿತ್ತು?

ಹೊರಗಿನ ಹಣ, ಹೊರಗಿನ ಆಡಳಿತ ನಂಬಿದ ಸೇವೆ ಎಷ್ಟು ಗಟ್ಟಿ ಎಂಬುದು ಮೊದಲ ಮಹಾಯುದ್ಧದಲ್ಲಿ ಗೊತ್ತಾಯಿತು. ಬಾಸೆಲ್ ಮಿಷನ್ನಿನ ಜರ್ಮನ್ನರನ್ನು ಬ್ರಿಟಿಷರು ಬಂಧಿಸಿದರು. ಕಾರ್ಖಾನೆಗಳು ಶತ್ರುವಿನ ಆಸ್ತಿ ಎಂದು ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಸೇರಿದವು. ಯುರೋಪಿನ ಜಗಳಕ್ಕೆ ತುಳುನಾಡಿನ ನೇಕಾರರು, ಹೆಂಚಿನ ಕೆಲಸದವರು ದಂಡ ತೆತ್ತರು.

ನಾಲ್ಕು ತಾಲ್ಲೂಕುಗಳ ಅನುಭವ ವಿರೋಧದ ಕೈಗೆ ಇನ್ನೊಂದು ಅಸ್ತ್ರ ಕೊಡುತ್ತದೆ. ಇಲ್ಲಿ ಅಕ್ಷರ ಹರಡಿದ್ದು ಸರ್ಕಾರಿ ಶಾಲೆಗಳಿಂದ, ಮಠಗಳ ಶಾಲೆಗಳಿಂದ. ಹೊನ್ನಾಳಿಯ ಹಿರೇಕಲ್ಮಠ, ಚನ್ನಗಿರಿ ತಾಲ್ಲೂಕಿನ ಪಾಂಡೋಮಟ್ಟಿ ವಿರಕ್ತಮಠ, ಸುತ್ತಲ ಸೀಮೆಗೆಲ್ಲ ಶಾಲೆ–ಹಾಸ್ಟೆಲ್ ಕಟ್ಟಿದ ಸಿರಿಗೆರೆ ಬೃಹನ್ಮಠ ಈ ಭಾಗದ ಮನೆಮಾತು. ಸಿರಿಗೆರೆಯ ತರಳಬಾಳು ಹುಣ್ಣಿಮೆ 1950ರಲ್ಲಿ ಮೊದಲು ನಡೆದದ್ದು ಜಗಳೂರಿನಲ್ಲಿ. ಅನ್ನ, ಅಕ್ಷರ ಕೊಡಲು ಕಡಲಾಚೆಯಿಂದಲೇ ಬರಬೇಕಿರಲಿಲ್ಲ ಎಂದು ಇದರಿಂದ ತೋರಿಸಬಹುದು. ಆದರೆ ಈ ಅಸ್ತ್ರಕ್ಕೆ ಎರಡು ಅಲಗು: ಮಠದ ಶಾಲೆಯಲ್ಲೂ ಪ್ರಾರ್ಥನೆ ಇದೆ, ಗುರುಭಕ್ತಿ ಇದೆ. ಧರ್ಮದ ಹೆಸರಿಲ್ಲದ ಸೇವೆಯೇ ಶುದ್ಧವೆಂದರೆ ಉಳಿಯುವ ಶಾಲೆಗಳು ಕೆಲವೇ.

ಅದರಿಂದಾಗಿ ವಿರೋಧದ ಗಟ್ಟಿ ವಾದ ನಿಲ್ಲುವುದು ಇಂದಿನ ಬಡವರ ಲಾಭ–ನಷ್ಟದ ಮೇಲೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯ ಜಯಂತಿಗೆ ದೂರದ ತಾಂಡಾಗಳಿಂದ ಮಾಲೆ ಧರಿಸಿದ ಲಂಬಾಣಿಗರು ನಡೆದು ಬರುತ್ತಾರೆ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. 1950ರ ರಾಷ್ಟ್ರಪತಿ ಆದೇಶದಂತೆ ಹಿಂದೂ ಧರ್ಮದವರಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ ಆ ಸ್ಥಾನ. ತಾಂಡಾದ ಕುಟುಂಬವೊಂದು ಕ್ರೈಸ್ತವಾದರೆ ಮಕ್ಕಳ ಜಾತಿ ಪ್ರಮಾಣಪತ್ರ ಹೋಗುತ್ತದೆ, ಅದರೊಡನೆ ಮೀಸಲಾತಿಯೂ. ಕುಲದ ನಂಟು, ಜಯಂತಿಯ ಸಂಭ್ರಮಗಳೂ ಸಡಿಲವಾಗುತ್ತವೆ. ಪ್ರಾರ್ಥನೆಗೆ ಕರೆದವರು ಈ ನಷ್ಟವನ್ನು ತುಂಬಿಕೊಡಲಾರರು. ಮತ ಬದಲಿಸಿದವನ ಜಾತಿಯ ಅವಮಾನ ಚರ್ಚಿನ ಬಾಗಿಲಲ್ಲಿ ನಿಂತುಬಿಡುವುದಿಲ್ಲ, ಸರ್ಕಾರದ ಲೆಕ್ಕದಲ್ಲಿ ಮಾತ್ರ ಅದು ಮುಗಿದಿರುತ್ತದೆ. ಇದು ಕಾನೂನಿನ ದೋಷವೇ ಹೊರತು ಮಿಷನರಿಯದಲ್ಲ ಎಂದು ಪರವಾದಿಗಳು ಉತ್ತರಿಸುತ್ತಾರೆ. ಆ ಉತ್ತರದಲ್ಲೂ ಹುರುಳಿದೆ.

ಸಂವಿಧಾನದ 25ನೇ ವಿಧಿ ಮತಪ್ರಚಾರದ ಹಕ್ಕು ಕೊಡುತ್ತದೆ. ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟೆನಿಸ್ಲಾಸ್ ಪ್ರಕರಣದಲ್ಲಿ ತೀರ್ಪಿತ್ತಿತು. 2021ರಲ್ಲಿ ಪಕ್ಕದ ಹೊಸದುರ್ಗದ ಆಗಿನ ಶಾಸಕ ಗೂಳಿಹಟ್ಟಿ ಶೇಖರ್, ತಮ್ಮ ತಾಯಿಯನ್ನೇ ಮತಾಂತರಿಸಲಾಗಿದೆ ಎಂದು ವಿಧಾನಸಭೆಯಲ್ಲಿ ಹೇಳಿದ್ದು ದೊಡ್ಡ ಸುದ್ದಿಯಾಯಿತು. ಆ ತಾಲ್ಲೂಕಿನ ಸಮೀಕ್ಷೆಯಲ್ಲಿ ಬಲವಂತದ ಮತಾಂತರ ಕಂಡುಬಂದಿಲ್ಲವೆಂದು ಬಳಿಕ ಪತ್ರಿಕೆಗಳು ವರದಿ ಮಾಡಿದವು. 2022ರಲ್ಲಿ ರಾಜ್ಯ ಮತಾಂತರ ನಿಷೇಧ ಕಾಯ್ದೆ ತಂದಿತು. ಧಾರ್ಮಿಕ ಸಂಸ್ಥೆ ನಡೆಸುವ ಹೆಸರಾಂತ ಶಾಲೆಯಲ್ಲಿ ಉಚಿತ ಶಿಕ್ಷಣದ ಆಸೆ ತೋರಿಸುವುದನ್ನೂ ಆ ಕಾಯ್ದೆ ಆಮಿಷಗಳ ಪಟ್ಟಿಗೆ ಸೇರಿಸಿತು. ಮಿಷನ್ ಶಾಲೆಯ ಬಡ ಹುಡುಗನಿಗೆ ಸಿಗುವ ಶುಲ್ಕ ವಿನಾಯಿತಿಯ ಮೇಲೂ ಹೀಗೆ ಅನುಮಾನದ ನೆರಳು ಬಿತ್ತು. ಕಾಯ್ದೆಯನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ತೀರ್ಮಾನಿಸಿತು.