ಹಳೆಯ ಟೇಪ್ ರೆಕಾರ್ಡರನ್ನು ಏಕೆ ಬಿಚ್ಚಬೇಕು?

ಕಳೆದ ಮಳೆಗಾಲದ ಕೊನೆಯಲ್ಲಿ, ಕಂಕನಾಡಿಯ ಮಾರುಕಟ್ಟೆಗೆ ಸಮೀಪದ ಮನೆಯೊಂದರ ಅಟ್ಟದಿಂದ ಇಳಿಸಿದ ಒಂದು ಟೇಪ್ ರೆಕಾರ್ಡರ್ ನಮ್ಮ ಕೈಗೆ ಬಂದಿತು. ಎರಡು ಪಕ್ಕಗಳಲ್ಲಿ ಸ್ಪೀಕರು, ನಡುವೆ ಕ್ಯಾಸೆಟ್ಟಿನ ಬಾಗಿಲು, ಮೇಲೆ ರೇಡಿಯೋದ ಮುಳ್ಳು, ಎತ್ತಿಕೊಳ್ಳಲು ಒಂದು ಹಿಡಿಕೆ: ನಮ್ಮ ಜನ ‘ಟೂ-ಇನ್-ಒನ್’ ಎಂದು ಕರೆಯುತ್ತಿದ್ದ ಯಂತ್ರವದು. ೧೯೮೦ರ ಆಸುಪಾಸಿನಲ್ಲಿ ದುಬೈ, ಕುವೈತ್, ಬಹರೈನ್‌ಗಳಿಂದ ರಜೆಗೆ ಬರುತ್ತಿದ್ದವರು ಇಂತಹ ಯಂತ್ರಗಳನ್ನು ಹೊತ್ತು ತರುತ್ತಿದ್ದರು. ಅದರೊಡನೆ ಹತ್ತಾರು ಕ್ಯಾಸೆಟ್ಟುಗಳೂ ಬಂದುವು. ಕೆಲವು ಕೊಂಕಣಿ ಹಾಡಿನವು, ಕೆಲವು ತಾಳಮದ್ದಳೆಯವು. ಒಂದರ ಮೇಲೆ ಮಾತ್ರ ಪೆನ್ಸಿಲಿನಲ್ಲಿ ಬರೆದ ದಿನಾಂಕದ ಹೊರತು ಏನೂ ಇರಲಿಲ್ಲ. ಅದು ಕಾಗದದ ಬದಲಾಗಿ ಪರದೇಶದಿಂದ ಕಳುಹಿಸಿದ ಧ್ವನಿಪತ್ರ. “ಇದರಲ್ಲಿ ನಮ್ಮ ಅಪ್ಪನ ಸ್ವರ ಉಂಟು. ಒಮ್ಮೆ ಕೇಳಲಿಕ್ಕೆ ಆಗಬಹುದಾ?” ಎಂದು ಮನೆಯಾಕೆ ಕೇಳಿದರು.

ಹಳೆಯ ಯಂತ್ರಗಳನ್ನು ಸರಿಪಡಿಸುವುದು ಬಿಡುವುಳ್ಳವರ ವಿನೋದವೆಂದು ಅನೇಕರು ತಿಳಿದಿದ್ದಾರೆ. ಅದು ವಿನೋದವೆಂಬುದೇನೋ ನಿಜ. ಆದರೆ ಇಂದಿನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಅಗ್ಗವಾದ, ಇದಕ್ಕಿಂತ ಉಪಯುಕ್ತವಾದ ಭೌತವಿಜ್ಞಾನದ ಪಾಠ ಇನ್ನೊಂದಿಲ್ಲವೆಂದೂ, ಆ ಪಾಠವನ್ನು ಕಲಿಯಲು ಉಳಿದಿರುವ ಕಾಲ ಬಹಳವಿಲ್ಲವೆಂದೂ ನಮ್ಮ ಅಭಿಪ್ರಾಯ.

ಮೊದಲು ಕ್ಯಾಸೆಟ್ಟನ್ನೇ ನೋಡೋಣ. ಬೆಲ್ಜಿಯಮಿನ ಹ್ಯಾಸೆಲ್ಟ್ ನಗರದ ಫಿಲಿಪ್ಸ್ ಕಾರ್ಖಾನೆಯಲ್ಲಿ ಲೂ ಒಟ್ಟೆನ್ಸ್ ಎಂಬ ಇಂಜಿನಿಯರ್ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿದರು. ೧೯೬೩ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಇದು ಮೊದಲು ಜನರ ಕಣ್ಣಿಗೆ ಬಿತ್ತು. ಒಳಗಿರುವುದು ೩.೮೧ ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿಯ ಲೇಪ. ಈ ಪಟ್ಟಿ ಸೆಕೆಂಡಿಗೆ ೪.೭೬ ಸೆಂಟಿಮೀಟರ್ ವೇಗದಲ್ಲಿ ಹೆಡ್ಡಿನ ಮುಂದೆ ಸಾಗಬೇಕು. ಒಂದು ಬದಿಗೆ ಅರ್ಧ ಗಂಟೆ ನಡೆಯುವ ಕ್ಯಾಸೆಟ್ಟಿನಲ್ಲಿ ಎಷ್ಟು ಉದ್ದದ ಪಟ್ಟಿ ಓಡುತ್ತದೆಂದು ಓದುಗರೇ ಗುಣಿಸಿ ನೋಡಲಿ. ಉತ್ತರ ಸುಮಾರು ೮೬ ಮೀಟರ್.

ಈ ವೇಗವನ್ನು ಕಾಯುವುದೇ ಯಂತ್ರದ ಮುಖ್ಯ ಕೆಲಸ. ಮೋಟಾರು ಒಂದು ರಬ್ಬರು ಬೆಲ್ಟಿನ ಮೂಲಕ ಭಾರವಾದ ಫ್ಲೈವೀಲನ್ನು ತಿರುಗಿಸುತ್ತದೆ. ಮೋಟಾರಿನ ಸಣ್ಣಪುಟ್ಟ ತಡವರಿಕೆಗಳನ್ನು ಫ್ಲೈವೀಲಿನ ಜಡತ್ವವು ನುಂಗಿಕೊಳ್ಳುತ್ತದೆ. ಅದರ ಅಚ್ಚಾದ ಕ್ಯಾಪ್‌ಸ್ಟನ್ ಎಂಬ ಉಕ್ಕಿನ ಕಡ್ಡಿಯೂ ಒಂದು ರಬ್ಬರು ಉರುಳೆಯೂ ಸೇರಿ ಪಟ್ಟಿಯನ್ನು ಹಿಡಿದು ಎಳೆಯುತ್ತವೆ. ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಸಮುದ್ರದ ಉಪ್ಪು ಗಾಳಿಯಲ್ಲಿ ಬೆರೆತಿರುವ ಈ ಊರಿನಲ್ಲಿ ರಬ್ಬರು, ತಾಮ್ರ, ಕ್ಯಾಸೆಟ್ಟು ಮೂರಕ್ಕೂ ಸುಖವಿಲ್ಲ. ನಮ್ಮ ಯಂತ್ರದ ಬೆಲ್ಟು ಕರಗಿ ಡಾಮರಿನಂತೆ ಅಂಟಿಕೊಂಡಿತ್ತು. ಸ್ವಿಚ್ಚುಗಳ ಒಳಗೆ ಹಸುರು ಕಿಲುಬು ಹತ್ತಿತ್ತು.

ಹೊಸ ಬೆಲ್ಟನ್ನು ಹಾಕಿದ ಮೇಲೆ ವೇಗ ಸರಿಯಿದೆಯೆಂದು ತಿಳಿಯುವುದು ಹೇಗೆ? ಬೆಲೆಬಾಳುವ ಉಪಕರಣ ಬೇಡ. ಕೆಲಸಕ್ಕೆ ಬಾರದ ಕ್ಯಾಸೆಟ್ಟೊಂದರ ಪಟ್ಟಿಯಲ್ಲಿ ೪.೭೬ ಮೀಟರ್ ಅಂತರದಲ್ಲಿ ಎರಡು ಗುರುತುಗಳನ್ನು ಹಾಕಿ, ಗಡಿಯಾರವನ್ನು ಹಿಡಿದು ಕುಳಿತರೆ ಸಾಕು. ಒಂದು ಗುರುತಿನಿಂದ ಇನ್ನೊಂದಕ್ಕೆ ಸರಿಯಾಗಿ ೧೦೦ ಸೆಕೆಂಡು ಹಿಡಿಯಬೇಕು. ೧೦೬ ಸೆಕೆಂಡು ಹಿಡಿದರೆ ಭಾಗವತರ ಶ್ರುತಿ ಒಂದು ಸ್ವರಸ್ಥಾನದಷ್ಟು ಕೆಳಗಿಳಿದಿದೆ ಎಂದರ್ಥ. ಅನೇಕ ಯಂತ್ರಗಳಲ್ಲಿ ಮೋಟಾರಿನ ಬೆನ್ನಿನ ಪುಟ್ಟ ರಂಧ್ರದೊಳಗಿರುವ ಸ್ಕ್ರೂವನ್ನು ತುಸು ತಿರುಗಿಸಿ ಅದನ್ನು ಸರಿಪಡಿಸಬಹುದು.

ಎರಡನೆಯ ಪಾಠ ಹೆಡ್ಡಿನದು. ೧೦,೦೦೦ ಆವೃತ್ತಿಯ ಸ್ವರವು ಪಟ್ಟಿಯ ಮೇಲೆ ಬರೆಯಲ್ಪಟ್ಟಾಗ ಅದರ ತರಂಗದೂರ ಕೇವಲ ೪.೭೬ ಮೈಕ್ರೋಮೀಟರ್. ಪಟ್ಟಿಗೂ ಹೆಡ್ಡಿಗೂ ನಡುವೆ ಅಂತರ ಬಿದ್ದರೆ ಧ್ವನಿ ಎಷ್ಟು ಕ್ಷೀಣಿಸುತ್ತದೆಂಬುದನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯ ವ್ಯಾಲೇಸ್ ಎಂಬವರು ೧೯೫೧ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆ ಲೆಕ್ಕದಂತೆ ಅರ್ಧ ತರಂಗದೂರದಷ್ಟು, ಅಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲೊಂದು ಪಾಲಿನಷ್ಟು ಕೊಳೆ ಕುಳಿತರೂ ಆ ಸ್ವರ ೨೩ರಲ್ಲಿ ಒಂದು ಪಾಲಿಗೆ ಇಳಿದುಹೋಗುತ್ತದೆ. ಅದೇ ಕೊಳೆಯಿಂದ ೧೦೦ ಆವೃತ್ತಿಯ ಸ್ವರಕ್ಕೆ ಆಗುವ ನಷ್ಟ ನೂರಕ್ಕೆ ಮೂರು ಪಾಲು ಮಾತ್ರ. ಮದ್ದಳೆಯ ಗುಂಕಾರ ಉಳಿದು ತಾಳದ ಕಿಣಿಕಿಣಿ ಏಕೆ ಮಾಯವಾಗುತ್ತದೆಂದು ಈಗ ತಿಳಿಯಿತಲ್ಲವೆ? ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡನ್ನು ಒರೆಸಿದಾಗ ಆ ಕಿಣಿಕಿಣಿ ಮರಳಿ ಬರುವುದನ್ನು ಕೇಳಿದ ವಿದ್ಯಾರ್ಥಿ ತರಂಗದೂರವೆಂಬ ಮಾತನ್ನು ಎಂದಿಗೂ ಮರೆಯಲಾರ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮೋಟಾರು ತಿರುಗಿದ ಸಂತೋಷದಲ್ಲಿ, ಎಲ್ಲವನ್ನೂ ಪರೀಕ್ಷಿಸುವ ಮೊದಲೇ ನಾವು ಆ ಧ್ವನಿಪತ್ರವನ್ನು ಯಂತ್ರದಲ್ಲಿಟ್ಟೆವು. ಪಟ್ಟಿಯನ್ನು ಸುತ್ತಿಕೊಳ್ಳಬೇಕಾದ ರೀಲಿಗೆ ಚಲನೆ ಕೊಡುವ ರಬ್ಬರು ಸೋತಿತ್ತು. ಕ್ಯಾಪ್‌ಸ್ಟನ್ ಮಾತ್ರ ತನ್ನ ಕೆಲಸವನ್ನು ಬಿಡದೆ ಪಟ್ಟಿಯನ್ನು ಹೊರಕ್ಕೆ ತಳ್ಳುತ್ತಲೇ ಇತ್ತು. ಪಟ್ಟಿ ಉರುಳೆಗೆ ಸುತ್ತಿಕೊಂಡು, ಸುಮಾರು ಒಂದು ಮೀಟರಿನಷ್ಟು ಮಡಿಕೆ ಮಡಿಕೆಯಾಗಿ ಹಾಳಾಯಿತು. ಒಂದು ಮೀಟರೆಂದರೆ ೨೧ ಸೆಕೆಂಡುಗಳ ಮಾತು. ಆ ಮಾತುಗಳು ಇನ್ನೆಲ್ಲಿಯೂ ಇಲ್ಲ. ಮೊದಲು ಹಾಳು ಕ್ಯಾಸೆಟ್ಟು, ಕೊನೆಗೆ ಅಮೂಲ್ಯವಾದುದು ಎಂಬ ನಿಯಮವನ್ನು ನಾವು ಇಷ್ಟು ಬೆಲೆ ತೆತ್ತು ಕಲಿತೆವು. ಓದುಗರು ಬೆಲೆಯಿಲ್ಲದೆ ಕಲಿಯಲಿ. ಉಳಿದ ಭಾಗ ಕೇಳುವಂತಿದೆ. ಅದರ ನಕಲನ್ನು ಕಂಪ್ಯೂಟರಿನಲ್ಲಿ ಇಳಿಸಿ ಆ ಮನೆಯವರಿಗೆ ಒಪ್ಪಿಸಿದ್ದೇವೆ.

“ಎಲ್ಲ ಹಾಡೂ ಮೊಬೈಲಿನಲ್ಲಿ ಸಿಗುವಾಗ ಈ ಶ್ರಮವೇಕೆ?” ಎಂದು ಕೇಳುವವರುಂಟು. ಸಿಗುವುದು ಹೆಸರಾದವರ ಸ್ವರ. ೨೦೧೦ರಲ್ಲಿ ತೀರಿಕೊಂಡ ವಿಲ್ಫಿ ರೆಬಿಂಬಸರ ಹಾಡುಗಳನ್ನೂ, ೧೯೯೦ರಲ್ಲೇ ಅಗಲಿದ ಭಾಗವತ ಕಾಳಿಂಗ ನಾವಡರ ಪದಗಳನ್ನೂ ಅಭಿಮಾನಿಗಳು ಕ್ಯಾಸೆಟ್ಟಿನಿಂದ ನಕಲು ಮಾಡಿ ಉಳಿಸಿಕೊಂಡಿದ್ದಾರೆ. ಆದರೆ ಮನೆಯ ಅಜ್ಜಿ ಹಾಡಿದ ಶೋಭಾನೆಯನ್ನೂ, ಊರಿನ ಕೂಟದಲ್ಲಿ ಒಂದೇ ರಾತ್ರಿ ನಡೆದ ಪ್ರಸಂಗವನ್ನೂ ಉಳಿಸುವವರು ಯಾರು? ಅವು ಬೀರುವಿನಲ್ಲಿ ಬೂಷ್ಟು ಹಿಡಿಯುತ್ತಿವೆ. ಅವುಗಳಿಗೆ ಬೇಕಾದ ಯಂತ್ರ ಗುಜರಿಗೆ ಹೋಗುತ್ತಿದೆ. ಯಂತ್ರ ಹೋದರೆ ಕ್ಯಾಸೆಟ್ಟು ಇದ್ದೂ ಇಲ್ಲದಂತೆ.

ಇನ್ನೊಂದು ಮಾತು. ಅಂಟು ಹಾಕಿ ಮುಚ್ಚಿದ ಇಂದಿನ ಮೊಬೈಲನ್ನು ಬಿಚ್ಚಲು ದೊಡ್ಡವರಿಗೂ ಧೈರ್ಯವಿಲ್ಲ. ೨೦೨೨ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ವಿಚಾರಕ್ಕಾಗಿ ಸಮಿತಿಯೊಂದನ್ನು ನೇಮಿಸಿ, ಜಾಲತಾಣವನ್ನೂ ತೆರೆಯಿತು. ಸಂತೋಷವೇ. ಆದರೆ ಹಕ್ಕು ಕಾಗದದಲ್ಲಿದ್ದು ಕೈಗೆ ಅಭ್ಯಾಸವಿಲ್ಲದಿದ್ದರೆ ಫಲವೇನು? ನಾಲ್ಕು ಸ್ಕ್ರೂ ತೆಗೆದರೆ ಒಳಗಿನ ಕಾರ್ಯಕಾರಣಗಳೆಲ್ಲ ಕಣ್ಣಿಗೇ ಕಾಣುವ ಟೇಪ್ ರೆಕಾರ್ಡರ್ ಆ ಅಭ್ಯಾಸಕ್ಕೆ ಒಳ್ಳೆಯ ಮೊದಲ ಮೆಟ್ಟಿಲು.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಪ್ರತಿಯೊಂದು ಹೈಸ್ಕೂಲಿನ, ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳೇ ಸರಿಪಡಿಸಿದ ಒಂದು ಟೇಪ್ ರೆಕಾರ್ಡರ್ ಇರಲಿ. ವಾರದಲ್ಲಿ ಒಂದು ಮಧ್ಯಾಹ್ನ ಊರವರು ತಮ್ಮ ಕ್ಯಾಸೆಟ್ಟುಗಳನ್ನು ತಂದು ನಕಲು ಮಾಡಿಸಿಕೊಳ್ಳಲಿ. ಎಚ್ಚರಿಕೆಗಳು ಎರಡು. ಯಂತ್ರದ ಬೆನ್ನು ತೆರೆದಿರುವಾಗ ೨೩೦ ವೋಲ್ಟಿನ ವಿದ್ಯುತ್ತನ್ನು ಕೊಡಕೂಡದು, ಬ್ಯಾಟರಿಯಿಂದಲೇ ನಡೆಸಬೇಕು. ಎರಡನೆಯದಾಗಿ, ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮೊದಲೇ ಮುರಿಯಬೇಕು. ಹಾಗೆ ಮಾಡಿದರೆ ಕೈತಪ್ಪಿ ರೆಕಾರ್ಡ್ ಗುಂಡಿಯನ್ನು ಒತ್ತಿದರೂ ಹಳೆಯ ಧ್ವನಿ ಅಳಿಯದು.

ಬರುವ ರಜೆಯಲ್ಲಿ ನಿಮ್ಮ ಮನೆಯ ಅಟ್ಟವನ್ನೊಮ್ಮೆ ಹತ್ತಿ ನೋಡಿರಿ. ಮತ್ತೊಂದು ಮಳೆಗಾಲ ಬರುವ ಮೊದಲೇ ಆ ಕೆಲಸ ಆಗಲಿ.