ಬೇಟ್‌ಕಾಸ್ಟಿಂಗ್ ರೀಲು: ದಾರ ಸಿಕ್ಕಾಗುವುದೇಕೆ, ಸಲಕರಣೆ ಆರಿಸುವುದು ಹೇಗೆ?

ಅಮೆರಿಕದಲ್ಲಿ ನೆಲೆಸಿರುವ ಅಣ್ಣನೋ ಗೆಳತಿಯೋ ಕೆರೆಯ ದಂಡೆಯಲ್ಲಿ ನಿಂತು, ಬಾಯಗಲಿಸಿದ ಹಸಿರು ಮೀನೊಂದನ್ನು ಹಿಡಿದು ತೆಗೆಸಿಕೊಂಡ ಫೋಟೋ ನಿಮ್ಮ ಫೋನಿಗೂ ಬಂದಿರಬಹುದು. ಆ ಮೀನು ಬಹುಮಟ್ಟಿಗೆ ಲಾರ್ಜ್‌ಮೌತ್ ಬಾಸ್. ಉತ್ತರ ಅಮೆರಿಕದ ಸಿಹಿನೀರಿನ ಈ ಬೇಟೆಗಾರ ಮೀನು ಅಲ್ಲಿನ ಗಾಳಗಾರರಿಗೆ ಅಚ್ಚುಮೆಚ್ಚು. ನಮ್ಮ ಹೋಟೆಲುಗಳ ಮೆನುವಿನಲ್ಲಿ ಕಾಣುವ ‘ಸೀ ಬಾಸ್’ಗೂ ಇದಕ್ಕೂ ಸಂಬಂಧವಿಲ್ಲ.

ಬಾಸ್ ಹಿಡಿಯುವ ಹವ್ಯಾಸಕ್ಕೆ ಇಳಿದವರು ಬೇಗನೆ ಅಂಗಡಿಯ ಒಂದು ಗೋಡೆಯ ಮುಂದೆ ನಿಲ್ಲುತ್ತಾರೆ. ಅಲ್ಲಿ ಸಾಲಾಗಿ ಬೇಟ್‌ಕಾಸ್ಟಿಂಗ್ ರೀಲುಗಳು, ಪೆಟ್ಟಿಗೆಗಳ ಮೇಲೆ 8.1:1, 10+1 ಎಂಬಂಥ ಅಂಕಿಗಳು. ದೊಡ್ಡ ಅಂಕಿಯದನ್ನೇ ಕೊಂಡು ತಂದು ಮೊದಲ ಸಲ ಎಸೆದರೆ ದಾರವೆಲ್ಲ ರೀಲಿನೊಳಗೇ ಗೋಜಲು! ಅಲ್ಲಿನವರು ಇದನ್ನು ‘ಹಕ್ಕಿಗೂಡು’ ಎಂದು ತಮಾಷೆ ಮಾಡುತ್ತಾರೆ. ಎಷ್ಟೋ ಜನ ಅದನ್ನು ಬಿಡಿಸಲಾರದೆ ರೀಲನ್ನು ಅಟ್ಟಕ್ಕೆ ಹಾಕುತ್ತಾರೆ. ತಪ್ಪು ರೀಲಿನದೋ, ಕೈಯದೋ? ಬನ್ನಿ, ನೋಡೋಣ.

ಉರುಳೆ ತಿರುಗುವ ರೀಲು, ತಿರುಗದ ರೀಲು

ಗಾಳದ ರೀಲುಗಳಲ್ಲಿ ಎರಡು ಮುಖ್ಯ ಬಗೆ. ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ದಾರದ ಉರುಳೆ ಅಲುಗುವುದಿಲ್ಲ. ದಾರ ಅದರ ಅಂಚಿನಿಂದ ಸುರುಳಿಯಾಗಿ ಕಳಚಿಕೊಂಡು ಹೋಗುತ್ತದೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಉರುಳೆಯೇ ತಿರುಗುತ್ತಾ ದಾರ ಬಿಡುತ್ತದೆ.

ಎರಡನೆಯದರ ಕಥೆ ಹಳೆಯದು. 19ನೇ ಶತಮಾನದ ಆರಂಭದಲ್ಲಿ ಕೆಂಟಕಿ ರಾಜ್ಯದ ಪ್ಯಾರಿಸ್ ಎಂಬ ಊರಿನ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್, ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರೆ ಉರುಳೆ ಹಲವು ಸುತ್ತು ತಿರುಗುವಂತೆ ಹಲ್ಲುಚಕ್ರ ಜೋಡಿಸಿದ ರೀಲು ಮಾಡಿದ. ಗಡಿಯಾರದ ಜಾಣ್ಮೆ ಗಾಳಕ್ಕೆ ಬಂದದ್ದು ಹೀಗೆ. ಇಂದಿನ ಬೇಟ್‌ಕಾಸ್ಟಿಂಗ್ ರೀಲುಗಳು ಆ ‘ಕೆಂಟಕಿ ರೀಲಿ’ನ ವಂಶದವೇ.

ಉರುಳೆ ತಿರುಗುವುದರಿಂದ ಲಾಭವಿದೆ. ದಪ್ಪ ದಾರ, ಭಾರದ ಎರೆ ಎರಡನ್ನೂ ಅದು ಸಲೀಸಾಗಿ ನಿಭಾಯಿಸುತ್ತದೆ. ಹೆಬ್ಬೆರಳಿನಿಂದ ಉರುಳೆಯನ್ನು ತಡೆದು, ಬೇಕಾದ ಜಾಗಕ್ಕೇ ಎರೆಯನ್ನು ಇಳಿಸಬಹುದು. ಬಾಸ್ ಇರುವುದು ಮುಳುಗಿದ ಮರದ ಬುಡದಲ್ಲಿ, ಜೊಂಡಿನ ಸಂದಿಯಲ್ಲಿ. ಒಂದು ಗೇಣು ಆಚೀಚೆಯಾದರೂ ಎಸೆತ ವ್ಯರ್ಥ.

ಸಿಕ್ಕಾಗುವುದೇಕೆ?

ಗಾಳಿಪಟ ಹಾರಿಸುವಾಗ ದಾರದ ಉರುಳೆಯನ್ನು ಹಿಡಿದು ನಿಂತ ಹುಡುಗನನ್ನು ನೆನಪಿಸಿಕೊಳ್ಳಿ. ಪಟ ಜೋರಾಗಿ ಎಳೆದಾಗ ಉರುಳೆ ಗಿರ್ರನೆ ತಿರುಗುತ್ತದೆ. ಎಳೆತ ಥಟ್ಟನೆ ನಿಂತರೂ ಉರುಳೆ ತಿರುಗುತ್ತಲೇ ಇರುತ್ತದೆ, ದಾರ ಕಾಲಬುಡದಲ್ಲಿ ರಾಶಿ ಬೀಳುತ್ತದೆ. ರೀಲಿನೊಳಗೆ ಆಗುವುದೂ ಅದೇ.

ಲೆಕ್ಕ ಹಾಕೋಣ. ಉರುಳೆಯ ವ್ಯಾಸ 34 ಮಿಲಿಮೀಟರ್ ಇದ್ದರೆ ಒಂದು ಸುತ್ತಿಗೆ ಸುಮಾರು 10.7 ಸೆಂಟಿಮೀಟರ್ ದಾರ ಬಿಡುತ್ತದೆ. ಎರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೊರಟರೆ, ಉರುಳೆ ಸೆಕೆಂಡಿಗೆ ಸುಮಾರು 187 ಸುತ್ತು, ಅಂದರೆ ನಿಮಿಷಕ್ಕೆ 11,000ಕ್ಕೂ ಹೆಚ್ಚು ಸುತ್ತು ತಿರುಗಬೇಕು. ಅಡುಗೆಮನೆಯ ಮಿಕ್ಸಿಯ ಮೋಟರಿನ ವೇಗದ ಅರ್ಧಕ್ಕಿಂತಲೂ ಹೆಚ್ಚು! ಅತ್ತ ಗಾಳಿಯ ತಡೆಯಿಂದ ಎರೆಯ ವೇಗ ಕ್ಷಣಕ್ಷಣಕ್ಕೂ ಕುಗ್ಗುತ್ತದೆ. ಇತ್ತ ಉರುಳೆ ತನ್ನ ಜಡತ್ವದಿಂದ ಹಳೆಯ ವೇಗದಲ್ಲೇ ತಿರುಗುತ್ತದೆ. ಎರೆ ಒಯ್ಯುವುದಕ್ಕಿಂತ ಹೆಚ್ಚು ದಾರವನ್ನು ಉರುಳೆ ಬಿಟ್ಟಾಗ, ಮಿಕ್ಕ ದಾರ ಹೋಗಲು ಜಾಗವಿಲ್ಲದೆ ಒಳಗೇ ಸುತ್ತಿಕೊಳ್ಳುತ್ತದೆ.

ಹಾಗಾಗಿ ಹಗುರ ಎರೆ, ಎದುರುಗಾಳಿ, ಜರ್ಕು ಹೊಡೆದಂತೆ ಎಸೆಯುವ ಕೈ ಮೂರೂ ಸೇರಿದರೆ ಎಷ್ಟು ದುಬಾರಿ ರೀಲಾದರೂ ಸಿಕ್ಕಾಗುವುದು ಖಂಡಿತ.

ಮೂರು ಬ್ರೇಕು, ಒಂದು ಹೆಬ್ಬೆರಳು

ಇದನ್ನು ತಡೆಯಲು ರೀಲಿನಲ್ಲಿ ವ್ಯವಸ್ಥೆಗಳಿವೆ. ಮೊದಲನೆಯದು ಹಿಡಿಕೆಯ ಪಕ್ಕದ ಪುಟ್ಟ ತಿರುಪು. ಅದು ಉರುಳೆಯ ಅಚ್ಚನ್ನು ಎರಡೂ ಬದಿಯಿಂದ ಅದುಮಿ ತಿರುಗುವಿಕೆಯನ್ನು ಬಿಗಿ ಮಾಡುತ್ತದೆ. ಎರಡನೆಯದು ಕೇಂದ್ರಾಪಗಾಮಿ ಬ್ರೇಕು: ಉರುಳೆ ತಿರುಗಿದಾಗ ಒಳಗಿನ ಪುಟ್ಟ ಗುಂಡಿಗಳು ಹೊರಕ್ಕೆ ಸರಿದು ಸುತ್ತಲಿನ ಬಳೆಗೆ ಉಜ್ಜುತ್ತವೆ. ಮೂರನೆಯದು ಅಯಸ್ಕಾಂತದ ಬ್ರೇಕು. ಅಯಸ್ಕಾಂತದ ಬಳಿ ಅಲ್ಯುಮಿನಿಯಂ ಉರುಳೆ ತಿರುಗಿದಾಗ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿ, ಮುಟ್ಟದೆಯೇ ವೇಗವನ್ನು ತಗ್ಗಿಸುತ್ತದೆ. ಮನೆಯ ಹಳೆಯ ಕರೆಂಟ್ ಮೀಟರಿನಲ್ಲಿ ತಿರುಗುತ್ತಿದ್ದ ತಟ್ಟೆಯನ್ನು ಹದದಲ್ಲಿ ಇಡುತ್ತಿದ್ದುದೂ ಇದೇ ತತ್ವ. ಬಹಳಷ್ಟು ರೀಲುಗಳಲ್ಲಿ ಈ ಕೊನೆಯ ಎರಡರಲ್ಲಿ ಒಂದಿರುತ್ತದೆ, ಕೆಲವದರಲ್ಲಿ ಎರಡೂ.

ಈ ಎರಡು ಬ್ರೇಕುಗಳ ಸ್ವಭಾವ ಬೇರೆ. ಕೇಂದ್ರಾಪಗಾಮಿ ಬ್ರೇಕಿನ ಹಿಡಿತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಎಸೆತದ ಆರಂಭದಲ್ಲಿ ಬಲವಾಗಿದ್ದು, ವೇಗ ಅರ್ಧಕ್ಕಿಳಿದರೆ ಹಿಡಿತ ಕಾಲುಭಾಗಕ್ಕೆ ಇಳಿಯುತ್ತದೆ. ಅಯಸ್ಕಾಂತದ್ದು ಸುಮಾರಾಗಿ ವೇಗಕ್ಕೆ ನೇರ ಅನುಪಾತದಲ್ಲಿದೆ. ಆದ್ದರಿಂದ ಎಸೆತದ ಕೊನೆಯವರೆಗೂ ಸ್ವಲ್ಪ ತಡೆಯುತ್ತಲೇ ಇರುತ್ತದೆ.

ಆದರೆ ಎರೆ ನೀರಿಗೆ ಬಿದ್ದ ಕ್ಷಣದಲ್ಲಿ ಯಾವುದನ್ನೂ ನೆಚ್ಚಿ ಕೂರುವಂತಿಲ್ಲ. ಆಗ ಹೆಬ್ಬೆರಳು ಉರುಳೆಯನ್ನು ಮುಟ್ಟಿ ನಿಲ್ಲಿಸಬೇಕು. ಈ ಅಭ್ಯಾಸಕ್ಕೆ ಕೆರೆ ಬೇಕಿಲ್ಲ, ಖಾಲಿ ಮೈದಾನ ಸಾಕು. ಕೊಕ್ಕೆಯಿಲ್ಲದ 14 ಗ್ರಾಮಿನ ಒಂದು ತೂಕ ಕಟ್ಟಿ. ಕೋಲನ್ನು ಎತ್ತಿ ಹಿಡಿದು ಗುಂಡಿ ಒತ್ತಿದರೆ ತೂಕ ನಿಧಾನವಾಗಿ ಇಳಿಯಬೇಕು, ನೆಲ ಮುಟ್ಟಿದಾಗ ಉರುಳೆ ನಿಲ್ಲಬೇಕು. ಅಲ್ಲಿಯವರೆಗೆ ತಿರುಪನ್ನು ಬಿಗಿ ಮಾಡಿ. ಬ್ರೇಕನ್ನು ಮೊದಲು ಹೆಚ್ಚಿಟ್ಟು, ಕೈ ಪಳಗಿದಂತೆ ಒಂದೊಂದೇ ಹಂತ ಇಳಿಸಿ.

ಮೊದಲು ಎರೆ, ಕೊನೆಗೆ ರೀಲು

ಹೊಸಬರು ಸಾಮಾನ್ಯವಾಗಿ ರೀಲಿನಿಂದ ಶುರು ಮಾಡುತ್ತಾರೆ. ಸರಿಯಾದ ಕ್ರಮ ಇದಕ್ಕೆ ತದ್ವಿರುದ್ಧ: ಯಾವ ನೀರಿನಲ್ಲಿ ಯಾವ ಎರೆ ಎಂಬುದು ಮೊದಲು, ಅದಕ್ಕೆ ತಕ್ಕ ದಾರ ಮತ್ತು ಕೋಲು ಆಮೇಲೆ, ರೀಲು ಕೊನೆಗೆ.

ಬಾಸ್‌ಗೆ ಬಳಸುವ ಕೃತಕ ಎರೆಗಳಲ್ಲಿ ಕೆಲವು ಮುಖ್ಯ ಬಗೆಗಳನ್ನು ತಿಳಿದರೆ ಸಾಕು. ಕ್ರ್ಯಾಂಕ್‌ಬೈಟ್ ಎಂದರೆ ಮೂತಿಯಲ್ಲಿ ತಗಡಿನಂಥ ತುಟಿಯಿರುವ ಹುಸಿಮೀನು, ಎಳೆದಾಗ ನೀರೊಳಗೆ ಧುಮುಕುತ್ತದೆ. ಸ್ಪಿನ್ನರ್‌ಬೈಟ್‌ನ ಲೋಹದ ಎಲೆ ತಿರುಗಿ ಮಿನುಗುತ್ತದೆ. ಜಿಗ್ ತಳದಲ್ಲಿ ಕುಪ್ಪಳಿಸುತ್ತದೆ. ಪ್ಲಾಸ್ಟಿಕ್ ಹುಳು ನಿಧಾನವಾಗಿ ತೆವಳುತ್ತದೆ. ಒಹಾಯೋ ರಾಜ್ಯದ ಏಕ್ರನ್‌ನಲ್ಲಿ ನಿಕ್ ಕ್ರೀಮ್ 1949ರಲ್ಲಿ ರೂಪಿಸಿದ ಈ ಮೆತ್ತನೆಯ ಹುಳು ಬಾಸ್ ಬೇಟೆಯ ರೀತಿಯನ್ನೇ ಬದಲಿಸಿತು. ರಬ್ಬರಿನ ಕಪ್ಪೆ ಜೊಂಡಿನ ಮೇಲೆ ಜಾರುತ್ತದೆ.

ಕೋಲಿನ ಮೇಲೆ ಎರಡು ಗುಣ ಬರೆದಿರುತ್ತದೆ. ‘ಪವರ್’ ಎಂದರೆ ಕೋಲು ಬಾಗಲು ಎಷ್ಟು ಬಲ ಬೇಕು ಎಂಬುದು. ‘ಆಕ್ಷನ್’ ಎಂದರೆ ಎಲ್ಲಿಂದ ಬಾಗುತ್ತದೆ ಎಂಬುದು. ತುದಿ ಮಾತ್ರ ಬಾಗಿದರೆ ಫಾಸ್ಟ್, ನಡುವಿನವರೆಗೂ ಬಾಗಿದರೆ ಮಾಡರೇಟ್. ಜಿಗ್‌ನ ದಪ್ಪ ಒಂಟಿ ಕೊಕ್ಕೆ ನಾಟಲು ಬಿಗಿಯಾದ ಫಾಸ್ಟ್ ಕೋಲು ಬೇಕು. ಕ್ರ್ಯಾಂಕ್‌ಬೈಟ್‌ನ ಸಣ್ಣ ಮೂರುಮುಖದ ಕೊಕ್ಕೆಗೆ ಅದೇ ಕೋಲು ಬಳಸಿದರೆ ಕೊಕ್ಕೆ ಬಾಯಿಯನ್ನು ಹರಿದುಕೊಂಡು ಬರುತ್ತದೆ. ಅಲ್ಲಿ ಬಳುಕುವ ಮಾಡರೇಟ್ ಕೋಲೇ ಸರಿ. ಕೋಲಿನ ಮೇಲೆಯೇ ಅದು ಎಸೆಯಬಲ್ಲ ಎರೆಯ ತೂಕವೂ ಇರುತ್ತದೆ. ಪೆಟ್ಟಿಗೆಗಳ ಮೇಲಿನ ಅಂಕಿಗಳಿಗಿಂತ ಈ ಒಂದು ಸಾಲು ಹೆಚ್ಚು ಉಪಯುಕ್ತ. ಏಳು ಗ್ರಾಮಿಗಿಂತ ಹಗುರ ಎರೆಗಳೇ ನಿಮ್ಮ ಆಯ್ಕೆಯಾದರೆ ಸ್ಪಿನ್ನಿಂಗ್ ರೀಲೇ ಜಾಣತನ.

ದಾರಗಳಲ್ಲೂ ಮೂರು ಬಗೆ. ನೈಲಾನ್ ಹಿಗ್ಗುತ್ತದೆ, ಅಗ್ಗ, ಕಲಿಯುವವರಿಗೆ ಒಳ್ಳೆಯದು. ಫ್ಲೂರೋಕಾರ್ಬನ್ ನೀರಿಗಿಂತ ಸುಮಾರು 1.8 ಪಟ್ಟು ಸಾಂದ್ರವಾದ್ದರಿಂದ ಬೇಗ ಮುಳುಗುತ್ತದೆ. ಹೆಣೆದ ದಾರ ತೇಲುತ್ತದೆ, ಹಿಗ್ಗುವುದೇ ಇಲ್ಲ. ಜೊಂಡಿನಲ್ಲಿ ಕಪ್ಪೆ ಎಸೆಯಲು ಅದೇ ಬೇಕು.

ಅಂಕಿಗಳ ಬಗೆಗಿನ ತಪ್ಪುಕಲ್ಪನೆಗಳು

*‘ಗೇರ್ ಅನುಪಾತ ಹೆಚ್ಚಿದ್ದಷ್ಟೂ ಒಳ್ಳೆಯದು’:* 34 ಮಿಲಿಮೀಟರ್ ಉರುಳೆಯಲ್ಲಿ ದಾರ ತುಂಬಿದ್ದಾಗ 5.4:1 ಅನುಪಾತ ಹಿಡಿಕೆಯ ಒಂದು ಸುತ್ತಿಗೆ ಸುಮಾರು 58 ಸೆಂಟಿಮೀಟರ್ ದಾರ ಎಳೆದರೆ, 8.1:1 ಸುಮಾರು 86 ಸೆಂಟಿಮೀಟರ್ ಎಳೆಯುತ್ತದೆ. ಜಿಗ್, ಹುಳುಗಳಲ್ಲಿ ಸಡಿಲವಾದ ದಾರವನ್ನು ಬೇಗ ಎಳೆದುಕೊಳ್ಳಲು ವೇಗ ಬೇಕು. ಆಳಕ್ಕಿಳಿಯುವ ಕ್ರ್ಯಾಂಕ್‌ಬೈಟ್‌ಗೆ ಬಲ ಬೇಕು. ಸೈಕಲ್ಲಿನಲ್ಲಿ ಏರು ಹತ್ತುವಾಗ ಗೇರ್ ಇಳಿಸುವಂತೆ ಇಲ್ಲಿ ಕಡಿಮೆ ಅನುಪಾತವೇ ಹಿತ. ಒಂದೇ ರೀಲು ಕೊಳ್ಳುವುದಾದರೆ 6ರಿಂದ 7ರ ನಡುವಿನದು ಎಲ್ಲಕ್ಕೂ ಹೊಂದುತ್ತದೆ.

*‘ಬೇರಿಂಗ್ ಹೆಚ್ಚಿದ್ದರೆ ದೂರ ಹೋಗುತ್ತದೆ’:* ಎಸೆತಕ್ಕೆ ಮುಖ್ಯವಾದವು ಉರುಳೆಯನ್ನು ಹೊತ್ತಿರುವ ಬೇರಿಂಗ್‌ಗಳು ಮಾತ್ರ. ಪೆಟ್ಟಿಗೆಯ ಮೇಲಿನ ಎಣಿಕೆಯಲ್ಲಿ ಹಿಡಿಕೆಯ ಗುಬುಟಿನೊಳಗಿನವೂ ಸೇರಿರುತ್ತವೆ. ಹತ್ತು ಸಾಧಾರಣ ಬೇರಿಂಗ್‌ಗಿಂತ ನಾಲ್ಕು ಒಳ್ಳೆಯವು ಮೇಲು.

*‘ಬಣ್ಣವೇ ಎಲ್ಲ’:* ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಲಾರ್ಜ್‌ಮೌತ್ ಬಾಸ್‌ನ ಕಣ್ಣಿನಲ್ಲಿ ಎರಡೇ ಬಗೆಯ ಶಂಕುಕೋಶಗಳಿವೆ. ಕೆಂಪು, ಹಸಿರನ್ನು ಅದು ಚೆನ್ನಾಗಿ ಗುರುತಿಸುತ್ತದೆ. ಆದರೆ ಹಳದಿ ಮಿಶ್ರಿತ ಹಸಿರನ್ನು ಬಿಳಿಯೊಂದಿಗೂ ನೀಲಿಯನ್ನು ಕಪ್ಪಿನೊಂದಿಗೂ ಗೊಂದಲ ಮಾಡಿಕೊಳ್ಳುತ್ತದೆ. ಅಂಗಡಿಯ ಹತ್ತಾರು ಛಾಯೆಗಳಲ್ಲಿ ಹಲವು ಮೊದಲು ಸೆಳೆಯುವುದು ಕೊಳ್ಳುವವರ ಕಣ್ಣನ್ನು. ಕೆಸರು ನೀರಿನಲ್ಲಂತೂ ಮೀನು ಮೈಯ ಪಾರ್ಶ್ವರೇಖೆಯಿಂದ ಕಂಪನವನ್ನು ಗ್ರಹಿಸುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

*‘ದುಬಾರಿ ಸಲಕರಣೆಗೆ ದೊಡ್ಡ ಮೀನು’:* 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ ಎಂಬ ಯುವ ರೈತ 22 ಪೌಂಡ್ 4 ಔನ್ಸ್, ಅಂದರೆ 10 ಕಿಲೋಗ್ರಾಮಿಗೂ ಹೆಚ್ಚು ತೂಕದ ಬಾಸ್ ಹಿಡಿದ. ಇಂದಿನ ಯಾವ ತಂತ್ರಜ್ಞಾನವೂ ಆತನ ಬಳಿ ಇರಲಿಲ್ಲ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅದನ್ನು ಸರಿಗಟ್ಟಿದರೂ ದಾಖಲೆ ಮುರಿದಂತಾಗಲಿಲ್ಲ. ನಿಯಮದ ಪ್ರಕಾರ ಇನ್ನೂ ಕನಿಷ್ಠ 2 ಔನ್ಸ್ ಹೆಚ್ಚು ಬೇಕಿತ್ತು.

ದಾರದ ಆ ತುದಿಯಲ್ಲಿ ಒಂದು ಜೀವ

ಸಲಕರಣೆಯ ಹೊಂದಾಣಿಕೆ ಹಣ ಉಳಿಸುವ ಮಾತಷ್ಟೇ ಅಲ್ಲ. ಬಾಸ್ ಹಿಡಿಯುವವರಲ್ಲಿ ಬಹಳಷ್ಟು ಜನ ಮೀನನ್ನು ಮತ್ತೆ ನೀರಿಗೆ ಬಿಡುತ್ತಾರೆ. ಬಿಟ್ಟ ಮೀನೆಲ್ಲ ಬದುಕುತ್ತದೆ ಎಂಬುದೂ ಒಂದು ತಪ್ಪುಕಲ್ಪನೆ. ತೀರಾ ತೆಳು ದಾರ, ಬಲವಿಲ್ಲದ ಕೋಲು ಇದ್ದರೆ ಸೆಣಸಾಟ ಉದ್ದವಾಗಿ ಮೀನು ಬಸವಳಿಯುತ್ತದೆ. ಬೇಸಿಗೆಯ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಚೇತರಿಸಿಕೊಳ್ಳುವುದು ಇನ್ನೂ ಕಷ್ಟ. ಕೊಕ್ಕೆ ಗಂಟಲಿಗೆ ಇಳಿದರಂತೂ ಸಾವಿನ ಸಂಭವ ಬಹಳ ಹೆಚ್ಚು.

ಮೀನಿಗೆ ನೋವೇ ಆಗದು ಎನ್ನುವವರಿದ್ದಾರೆ. ಸ್ಕಾಟ್ಲೆಂಡಿನ ಸಂಶೋಧಕರು ರೇನ್‌ಬೋ ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಗಾಯ, ಶಾಖಗಳಿಗೆ ಸ್ಪಂದಿಸುವ ನರತುದಿಗಳಿರುವುದನ್ನು 2003ರಲ್ಲೇ ತೋರಿಸಿದ್ದಾರೆ. ಆ ಅನುಭವ ನಮ್ಮದರಂತೆಯೇ ಇದೆಯೇ ಎಂಬ ಚರ್ಚೆ ಮುಗಿದಿಲ್ಲ. ಆದರೆ ಅನುಮಾನದ ಲಾಭ ಮೀನಿಗೇ ಸಲ್ಲಲಿ. ಕೈ ಒದ್ದೆ ಮಾಡಿಕೊಂಡು ಮುಟ್ಟಿ, ದೊಡ್ಡ ಮೀನನ್ನು ದವಡೆಯೊಂದರಿಂದಲೇ ಅಡ್ಡಲಾಗಿ ಎತ್ತಬೇಡಿ, ಫೋಟೋ ಬೇಗ ಮುಗಿಸಿ. ರೀಲಿನ ಡ್ರ್ಯಾಗ್ ಎಂಬ ಜಾರುಬ್ರೇಕನ್ನು ದಾರದ ಬಲದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಇಟ್ಟರೆ ದಾರ ತುಂಡಾಗಿ ಮೀನು ಕೊಕ್ಕೆಯೊಂದಿಗೇ ಓಡಿಹೋಗುವುದು ತಪ್ಪುತ್ತದೆ. ಆಯಾ ರಾಜ್ಯದ ಪರವಾನಗಿ ಪಡೆಯುವುದನ್ನಂತೂ ಮರೆಯಬೇಡಿ.

ಕಾವೇರಿಗೂ ಇದಕ್ಕೂ ಏನು ನಂಟು?

ಉರುಳೆ ತಿರುಗುವ ರೀಲು ನಮ್ಮ ನಾಡಿಗೆ ಹೊಸದಲ್ಲ. ಭೀಮೇಶ್ವರಿ, ಗಾಲಿಬೋರೆಗಳ ಕಾವೇರಿಯಲ್ಲಿ ಮಹಶೀರ್ ಹಿಡಿಯಲು ಬರುತ್ತಿದ್ದವರು ದೊಡ್ಡ ಗಾತ್ರದ ಇಂಥದೇ ರೀಲು ಬಳಸುತ್ತಿದ್ದರು; ಕೊಕ್ಕೆಗೆ ಮೆತ್ತುತ್ತಿದ್ದುದು ರಾಗಿ ಮುದ್ದೆ! ಇಂದು ವನ್ಯಜೀವಿಧಾಮದೊಳಗೆ ಗಾಳ ಹಾಕುವಂತಿಲ್ಲ. ಕಾವೇರಿಯದೇ ಆದ, ಬೆನ್ನುಬ್ಬಿದ ಕಿತ್ತಳೆ ರೆಕ್ಕೆಯ ಮಹಶೀರ್ 2018ರಿಂದ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಹೊರಗಿನಿಂದ ತಂದು ಬಿಟ್ಟ ಬೇರೆ ಮಹಶೀರ್ ತಳಿಯೂ ಅದರ ಕಷ್ಟಕ್ಕೆ ಒಂದು ಕಾರಣ.

ಬಾಸ್‌ನ ಕಥೆಯೂ ಇದನ್ನೇ ಹೇಳುತ್ತದೆ. ತವರಿನಲ್ಲಿ ಮುದ್ದಿನ ಮೀನಾದ ಲಾರ್ಜ್‌ಮೌತ್ ಬಾಸ್, ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೂ ಇದೆ. ಗಾಳದ ಮೋಜಿಗೆಂದು ಒಯ್ದ ಕಡೆಗಳಲ್ಲಿ ಅದು ಸ್ಥಳೀಯ ಮೀನುಗಳನ್ನು ನುಂಗಿಹಾಕಿದೆ. ಆದ್ದರಿಂದ ಅಮೆರಿಕದಿಂದ ಬರುವವರು ರೀಲು ತಂದರೆ ಅಡ್ಡಿಯಿಲ್ಲ, ಮೀನಿನ ಮರಿ ಮಾತ್ರ ಬೇಡ.

ಇನ್ನು ರೀಲಿನ ಪ್ರಶ್ನೆಗೆ ಬಂದರೆ, ಮುಂದಿನ ಸಲ ಯಾರಾದರೂ ‘ಯಾವುದು ಕೊಳ್ಳಲಿ?’ ಎಂದು ಕೇಳಿದರೆ, ‘ಯಾವ ನೀರಿಗೆ, ಎಷ್ಟು ಗ್ರಾಮಿನ ಎರೆ ಎಸೆಯುತ್ತೀರಿ?’ ಎಂದು ಮೊದಲು ಕೇಳಿ. ಉತ್ತರ ಗೊತ್ತಿದ್ದವರಿಗೆ ಮಧ್ಯಮ ಬೆಲೆಯ ರೀಲು ಸಾಕು. ಗೊತ್ತಿಲ್ಲದವರಿಗೆ ಮೈದಾನದಲ್ಲಿ ಒಂದು ವಾರದ ಅಭ್ಯಾಸ ಹೇಳಿಕೊಡಿ.